ಗಾಳಿಗೆ ಅಂಜಿದ ಈರಣ್ಣ

ಗಾಡಿಯ ಕೆಳಗೆ ಇಳಿಯುವ ಮುಂಚೆ ಈರಣ್ಣ ಶೆಡ್ಡಿನಲ್ಲಿದ್ದವರನ್ನೆಲ್ಲ ಸುಮ್ಮನಾಗಿಸುತ್ತಿದ್ದರು. ರೇಡಿಯೋ ಆರಿಸಿ, ಫ್ಯಾನು ನಿಲ್ಲಿಸಿ, ಮಾತಾಡುತ್ತಿದ್ದವರ ಕಡೆ ಅಂಗೈ ಎತ್ತಿ ತೋರಿಸಿ, ಮಂಡಿಯೂರಿ ಕೂತು ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಾದ ಚಾಸಿಗೆ ಬಲಗಿವಿ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಒಂದು ನಿಮಿಷ, ಕೆಲವು ಸಲ ಎರಡು. ಆಮೇಲೆ ರೈಲು ಹಳಿಗೆ ಹಾಕುವ ಹಳೇ ಮರದ ದಿಮ್ಮಿಗಳೆರಡನ್ನು ಎಳೆದು ತಂದು ಗಾಡಿಯ ಕೆಳಗೆ ಆಚೆಗೊಂದು ಈಚೆಗೊಂದು ಇಟ್ಟು, ಅಲ್ಲಾಡುತ್ತವಾ ಎಂದು ಒದ್ದು ನೋಡುತ್ತಿದ್ದರು. ಅಷ್ಟಾದ ಮೇಲೂ ಸೀದಾ ನುಗ್ಗುತ್ತಿರಲಿಲ್ಲ. ಮೊದಲು ಒಂದು ಕೈ ಒಳಗೆ ಚಾಚಿ, ಹಿಂದಕ್ಕೆಳೆದು, ಮತ್ತೆ ಚಾಚಿ, ಕೊನೆಗೆ ತಲೆ.

ಮೂವತ್ತು ವರ್ಷ ಗಾಡಿ ರಿಪೇರಿ ಮಾಡಿದ ಮನುಷ್ಯ ಇಷ್ಟು ಹೆದರುವುದನ್ನು ಕಂಡು ಮೊದಲ ದಿನ ನನಗೆ ನಗು ಬಂತು. ನಕ್ಕಿದ್ದನ್ನು ಅವರು ನೋಡಿಬಿಟ್ಟರು.

"ನಗ್ರಿ ಅಕ್ಕಾರ," ಅಂದರು. "ಅಂಜಿಕಿ ಇಲ್ದಾಂವ ಗಾಡಿ ಕೆಳಗ ಹೋಗಬಾರ್ದು. ಅಂಜಿಕಿ ಅಂದ್ರ ನಟ್ಟು ಬಿಚ್ಚೂ ಪಾನಾ ಇದ್ದಂಗ. ಯಾವಾಗ್ಲೂ ಕೈಯಾಗ ಇರಬೇಕು."

ಈರಣ್ಣ ಹುಬ್ಬಳ್ಳಿ ಕಡೆಯವರು. ಅಲ್ಲಿ ಖಾಸಗಿ ಬಸ್ಸುಗಳ ವರ್ಕ್‌ಶಾಪೊಂದರಲ್ಲಿ ಬಹಳ ವರ್ಷ ದುಡಿದು, ತೊಂಬತ್ತರ ದಶಕದ ಕೊನೆಗೆ ಅದನ್ನು ಬಿಟ್ಟು ಬೆಂಗಳೂರಿಗೆ ಬಂದಿದ್ದರು. ಬಿಟಿಎಂನಲ್ಲಿ ಒಂದು ಕೋಣೆ. ಕುಮಾರಸ್ವಾಮಿ ಲೇಔಟಿನ ಇಳಿಜಾರಿನಲ್ಲಿ, ಮಣ್ಣಿನ ನೆಲದ ಮೇಲೆ ನಾಲ್ಕು ಕಂಬ ನಿಲ್ಲಿಸಿ ಶೀಟು ಹೊದಿಸಿದ ಶೆಡ್ಡು. ತೆಳ್ಳಗೆ, ಕಡ್ಡಿಯಂತೆ ಇದ್ದರು. ಶರಟಿನ ಎಲ್ಲ ಗುಂಡಿಗಳನ್ನೂ ಕತ್ತಿನವರೆಗೆ ಹಾಕಿಕೊಳ್ಳುತ್ತಿದ್ದರು. ಯಾಕೆ ಎಂದರೆ, ತೆರೆದ ಕಾಲರು ಎಲ್ಲಾದರೂ ಸಿಕ್ಕಿಕೊಂಡೀತು ಎನ್ನುವುದೇ ಉತ್ತರ.

ಆಗ ನಾನು ಉತ್ತರಹಳ್ಳಿಯಲ್ಲಿ ಗಿಡಗಳ ನರ್ಸರಿ ನಡೆಸುತ್ತಿದ್ದೆ. ನನ್ನ ಗಂಡ ರಘು ಪದ್ಮನಾಭನಗರದ ಟ್ಯುಟೋರಿಯಲ್ಲಿನಲ್ಲಿ ಗಣಿತ ಹೇಳುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು, ಕೆಂಗೇರಿಯ ಆಚೆ ಮುಚ್ಚಿಹೋದ ಹೆಂಚಿನ ಕಾರ್ಖಾನೆಯೊಂದಕ್ಕೆ ಹಳೇ ಕುಂಡ ಕೊಳ್ಳಲು ಹೋದವಳು ಹಿತ್ತಲಲ್ಲಿ ಒಂದು ಪಿಕಪ್ ಗಾಡಿ ಕಂಡೆ. ನನ್ನ ತಂದೆಯ ಕಾಲದ ಅಮೆರಿಕನ್ ಗಾಡಿ. ಗುಂಡನೆಯ ಮೂತಿ, ಉಬ್ಬಿದ ಕೆನ್ನೆಯಂಥ ಮಡ್‌ಗಾರ್ಡು, ಹಿಂದೆ ಮರದ ಹಲಗೆಯ ತೊಟ್ಟಿ. ಹಲಗೆ ಒಡೆದುಕೊಂಡು ನುಗ್ಗೆ ಗಿಡವೊಂದು ಆಳೆತ್ತರ ಬೆಳೆದಿತ್ತು. ಗಿಡ ಕಡಿಸಿ ಗಾಡಿಯನ್ನು ಎಳೆಸಿಕೊಂಡು ಈರಣ್ಣನ ಶೆಡ್ಡಿಗೆ ತಂದೆ.

ಅದೇ ದಿನಗಳಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಹಳೇ ವಿದೇಶಿ ಪತ್ರಿಕೆಯೊಂದು ಸಿಕ್ಕಿತ್ತು. ಅದರಲ್ಲಿ ಇಂಥದೇ ಪಿಕಪ್ಪು ಹೊಟ್ಟೆಯನ್ನು ನೆಲಕ್ಕೆ ಊರಿ ಮಲಗಿತ್ತು. ಉಕ್ಕಿನ ಪಟ್ಟಿಗಳ ಸ್ಪ್ರಿಂಗ್ ತೆಗೆದು, ಆ ಜಾಗದಲ್ಲಿ ದಪ್ಪ ರಬ್ಬರಿನ ಗಾಳಿಚೀಲ ಕೂರಿಸುತ್ತಾರಂತೆ. ಸ್ವಿಚ್ ಒತ್ತಿದರೆ ಗಾಳಿ ತುಂಬಿ ಗಾಡಿ ಏಳುತ್ತದೆ, ಇನ್ನೊಂದು ಒತ್ತಿದರೆ ಗಾಳಿ ಹೋಗಿ ಮಲಗುತ್ತದೆ. ಸಿಮೆಂಟಿನ ದೊಡ್ಡ ಕುಂಡಗಳನ್ನು ಎತ್ತಿ ಎತ್ತಿ ನನ್ನ ಸೊಂಟ ಹೋಗಿತ್ತು. ಗಾಡಿಯೇ ಕೆಳಗಿಳಿದರೆ ಕುಂಡವನ್ನು ಉರುಳಿಸಿಕೊಂಡು ಹತ್ತಿಸಬಹುದು ಎಂದು ರಘುವಿಗೆ ವಿವರಿಸಿದೆ. ನಿಜ ಹೇಳಬೇಕೆಂದರೆ ಕುಂಡ ಒಂದು ನೆಪ. ಆ ಚಿತ್ರ ನನ್ನ ತಲೆ ಕೆಡಿಸಿತ್ತು.

ಚಿತ್ರ ನೋಡಿದ ಈರಣ್ಣನ ಮುಖ ಇಳಿದುಹೋಯಿತು.

"ಗಾಳಿ ಬ್ಯಾಡ್ರಿ."

"ಬಸ್ಸಿಗೆ ಹಾಕ್ತಾರಲ್ಲ ಈರಣ್ಣ. ನಿಮಗೆ ಗೊತ್ತಿರೋ ಕೆಲಸಾನೇ."

"ಗೊತ್ತೈತಿ ಅಂತನ ಬ್ಯಾಡ ಅಂದೆ. ಪಟ್ಟಿ ಮುರಿದ್ರ ಸಪ್ಪಳ ಮಾಡ್ತತಿ ಅಕ್ಕಾರ. ಗಾಳಿ ಹೇಳದ ಕೇಳದ ಹೋಗ್ತತಿ."

ಅಂದಮೇಲೂ ಅವರು ಗಾಡಿಯ ಸುತ್ತ ಮೂರು ಸುತ್ತು ಹಾಕಿದರು. ಮಡ್‌ಗಾರ್ಡಿನ ತುಕ್ಕನ್ನು ಹೆಬ್ಬೆರಳಿನಿಂದ ಉಜ್ಜಿ, ಕೆಳಗಿದ್ದ ಹಸಿರು ಬಣ್ಣ ಕಂಡದ್ದೇ ಕೈ ಹಿಂದಕ್ಕೆ ಎಳೆದುಕೊಂಡರು, ನೋಡಬಾರದ್ದನ್ನು ನೋಡಿದವರಂತೆ. ಒಂದು ವಾರದ ನಂತರ ಅವರೇ ನರ್ಸರಿಗೆ ಬಂದರು. "ಮಾಡೋಣ್ರಿ. ಆದ್ರ ನಾ ಹೇಳಿದಂಗ ಕೇಳಬೇಕು," ಅಂದರು. ಹೂಂ ಅಂದೆ.

ಎಂಟು ತಿಂಗಳು ಕೆಲಸ ನಡೆಯಿತು. ವಾರಕ್ಕೆ ಎರಡು ಮೂರು ಮಧ್ಯಾಹ್ನ ನಾನೂ ಶೆಡ್ಡಿಗೆ ಹೋಗಿ ತುಕ್ಕು ಕೆರೆಯುವುದು, ಮರಳು ಕಾಗದ ಉಜ್ಜುವುದು ಮಾಡುತ್ತಿದ್ದೆ. ಗಾಳಿಚೀಲಗಳು ಹಳೇ ಬಸ್ಸಿನಿಂದ ಬಂದವು, ಕೈಗೆತ್ತಿಕೊಂಡರೆ ಪುಟ್ಟ ಡೊಳ್ಳಿನಂತೆ ಇದ್ದವು. ಮೊದಲ ಸಲ ಗಾಳಿ ತುಂಬುವ ದಿನ ಈರಣ್ಣ ನಮ್ಮನ್ನೆಲ್ಲ ರಸ್ತೆಯ ಆಚೆಗೆ ಕಳಿಸಿದರು. ಎದುರಿನ ಪಂಕ್ಚರ್ ಅಂಗಡಿಯ ಮೋಹನ "ಏನ್ ಗುರು, ಬಾಂಬ್ ಇಡ್ತಾ ಇದೀಯಾ?" ಎಂದು ತಮಾಷೆ ಮಾಡಿದ. ಉದ್ದ ಪೈಪು ಎಳೆದು, ಗೋಡೆಯ ಹಿಂದೆ ನಿಂತು ಈರಣ್ಣ ಕವಾಟ ತಿರುಗಿಸಿದರು. ಗಾಡಿಯ ಹಿಂಭಾಗ ಮೆಲ್ಲಗೆ ಎದ್ದಿತು. ಅಷ್ಟರಲ್ಲಿ ಎಡಗಡೆಯ ಚೀಲ ಹರಿಯಿತು.

ಆ ಸದ್ದಿಗೆ ಬೀದಿಯ ಹೆಂಗಸರು ಸಿಲಿಂಡರ್ ಸಿಡಿಯಿತೆಂದು ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿ ಬಂದರು. ಹರಿದ ರಬ್ಬರಿನ ತುಂಡು ಶೀಟಿಗೆ ಬಡಿದು ತೂತು ಮಾಡಿತ್ತು. ಈರಣ್ಣ ಮಾತ್ರ ಶಾಂತವಾಗಿದ್ದರು. "ಇದು ಛಲೋ ಆತು," ಅಂದರು. "ಸಪ್ಪಳ ಮಾಡೂದಕ್ಕ ನಾ ಅಂಜೂದಿಲ್ರೀ."

ಹೊಸ ಚೀಲ ಹಾಕಿದ ಮೇಲೆ ಅವರು ಹಿಂದಿನ ಎರಡು ಗಾಲಿಗಳನ್ನು ಜೋಡಿಸುವ ಆಕ್ಸಲಿನ ನೆತ್ತಿಗೆ ಸರಿಯಾಗಿ, ಚಾಸಿಯ ಅಡಿಗೆ, ಎರಡು ಕಬ್ಬಿಣದ ಗೂಟ ವೆಲ್ಡ್ ಮಾಡಿದರು. ಚೀಲದ ಗಾಳಿಯೆಲ್ಲ ಹೋದರೂ ಗೂಟ ಆಕ್ಸಲಿನ ಮೇಲೆ ಕೂತು, ಚಾಸಿ ನೆಲದಿಂದ ಒಂಬತ್ತು ಇಂಚು ಮೇಲೇ ನಿಲ್ಲುತ್ತಿತ್ತು. ಗಾಡಿ ಇಳಿಸಿ ನೋಡಿದಾಗ ನನಗೆ ಬಹಳ ನಿರಾಸೆಯಾಯಿತು. ಪತ್ರಿಕೆಯ ಗಾಡಿ ಮಲಗಿತ್ತು. ನನ್ನದು ಎಮ್ಮೆ ಏಳುವಾಗ ಅರ್ಧಕ್ಕೆ ನಿಂತಂತೆ ಇತ್ತು.

"ಗೂಟ ಕತ್ತರಿಸಿ ಈರಣ್ಣ. ಮೂರು ಇಂಚಿಗೆ ಬರಲಿ."

"ಒಂಬತ್ತು ಯಾಕ ಇಟ್ಟೇನಿ ಗೊತ್ತೇನ್ರಿ? ಮನಷ್ಯಾ ಅಂಗಾತ ಮಲಗಿದ್ರ ನೆಲದಿಂದ ಎದಿ ಎಷ್ಟು ಎತ್ತರ ಬರ್ತತಿ ಅಂತ ಅಳದೇನಿ."

ಅವರು ನಗುತ್ತಿರಲಿಲ್ಲ. ಆದರೂ ನಾನು ಬಿಡಲಿಲ್ಲ. ದಿಮ್ಮಿ ಇಲ್ಲದೆ ಕೆಳಗೆ ಹೋಗುವವರು ಯಾರು, ಗಾಡಿ ನನ್ನದು, ನಾನು ಹೇಳುತ್ತಿದ್ದೇನೆ ಎಂದೆಲ್ಲ ವಾದಿಸಿದೆ. ಮೂರು ದಿನದ ಹಗ್ಗಜಗ್ಗಾಟದ ಮೇಲೆ ಆರು ಇಂಚಿಗೆ ಒಪ್ಪಿದರು. ಗ್ಯಾಸ್ ಕಟರ್ ಹಿಡಿದು ಗೂಟ ಕತ್ತರಿಸುವಾಗ ಕಪ್ಪು ಕನ್ನಡಕದ ಹಿಂದೆ ಅವರ ಕಣ್ಣು ಕಾಣಲಿಲ್ಲ.

ಇದಾಗಿ ಮೂರು ವಾರಕ್ಕೆ ಆ ಮಧ್ಯಾಹ್ನ ಬಂತು.

ಗಾಡಿ ಗಾಳಿಯ ಮೇಲೆ ಎತ್ತರವಾಗಿ ನಿಂತಿತ್ತು. ಬ್ಯಾಟರಿಯನ್ನು ಚಾರ್ಜಿಗೆಂದು ಮೋಹನನ ಅಂಗಡಿಗೆ ಕೊಟ್ಟಿದ್ದರಿಂದ ಗಾಳಿ ತುಂಬುವ ಕಂಪ್ರೆಸರ್ ಸತ್ತಿತ್ತು. ಈರಣ್ಣ ರಸ್ತೆ ದಾಟಿ ಮೋಹನನ ಬೆಂಚಿನ ಮೇಲೆ ರೊಟ್ಟಿ ಗಂಟು ಬಿಚ್ಚಿ ಕೂತಿದ್ದರು. ಶೆಡ್ಡಿನಲ್ಲಿ ನಾನೊಬ್ಬಳೇ ಬಾಗಿಲಿಗೆ ಪಾಲಿಶ್ ಉಜ್ಜುತ್ತಿದ್ದೆ. ಎಲ್ಲಿಂದಲೋ ಸಣ್ಣಗೆ ಸುಯ್ಯೆನ್ನುವ ಸದ್ದು ಕೇಳಿಸಿತು. ನಾನೂ ಈರಣ್ಣನಂತೆ ಮಂಡಿಯೂರಿ ಚಾಸಿಗೆ ಕಿವಿ ಇಟ್ಟೆ. ಸದ್ದು ಹಿಂದಿನ ಎಡಗಡೆಯಿಂದ ಬರುತ್ತಿತ್ತು. ನನಗೆ ಹೆಮ್ಮೆಯಾಯಿತು. ಅವರು ಊಟ ಮುಗಿಸಿ ಬರುವಷ್ಟರಲ್ಲಿ ಸೋರುವ ಜಾಗ ಹುಡುಕಿ ತೋರಿಸೋಣ ಅನ್ನಿಸಿತು. ದಿಮ್ಮಿಗಳು ಮೂರು ಅಡಿ ದೂರದಲ್ಲಿ ಬಿದ್ದಿದ್ದವು. ಭಾರವಾಗಿದ್ದವು. ಎರಡೇ ನಿಮಿಷದ ಕೆಲಸ ಎಂದುಕೊಂಡು ಬೆನ್ನಿನ ಮೇಲೆ ಜಾರಿ ಒಳಗೆ ಹೋದೆ.

ಹಿಂದಿನ ಎರಡೂ ಚೀಲಗಳಿಗೆ ಗಾಳಿ ಒಯ್ಯುವ ಪೈಪಿನ ಹಿತ್ತಾಳೆಯ ಜೋಡಣೆಯ ಸುತ್ತ ಧೂಳು ಹಾರುತ್ತಿತ್ತು. ಬೆರಳಿನಿಂದ ಬಿಗಿ ಮಾಡಲು ನೋಡಿದೆ. ಅದು ಪೂರ್ತಿ ಕಳಚಿ ಕೈಗೆ ಬಂತು.

ಗಾಡಿ ಧೊಪ್ಪೆಂದು ಬೀಳಲಿಲ್ಲ. ಬಿದ್ದಿದ್ದರೆ ಇಷ್ಟು ಹೆದರಿಕೆ ಉಳಿಯುತ್ತಿರಲಿಲ್ಲವೇನೋ. ಮೆಲ್ಲಗೆ ಇಳಿಯಿತು. ಕಪ್ಪು ಕಬ್ಬಿಣದ ಅಡ್ಡಪಟ್ಟಿ ನನ್ನ ಎದೆಯ ಕಡೆಗೆ ಬರುವುದು ಕಾಣುತ್ತಿತ್ತು. ಅದರ ಮೇಲಿನ ಬಣ್ಣದ ಹನಿ ಕೂಡ ಕಾಣುತ್ತಿತ್ತು. ಹೊರಗೆ ಜಾರಲು ಕಾಲು ಒತ್ತಿದೆ. ಸೊಂಟದ ಹತ್ತಿರ ಇನ್ನೊಂದು ಪಟ್ಟಿ ಆಗಲೇ ತಡೆದಿತ್ತು. ಮೊದಲು ಶರಟು ಒತ್ತಿತು, ಆಮೇಲೆ ಎಲುಬು. ಕೂಗಲು ಉಸಿರು ಬೇಕು, ಇರಲಿಲ್ಲ. ಒಳಗೆ ಎಲ್ಲೋ ಕಟಕ್ಕೆಂದಿತು, ನನ್ನದೇ ಪಕ್ಕೆಲುಬು. ಮುಖ ಪಕ್ಕಕ್ಕೆ ತಿರುಗಿತ್ತು. ಶೆಡ್ಡಿನ ನೆಲ, ಬಿಸಿಲು, ರಸ್ತೆಯ ಒಂದು ಚೂರು ಕಾಣುತ್ತಿದ್ದವು. ಇನ್ನು ಇಷ್ಟೇ ನಾನು ನೋಡುವುದು ಎಂದುಕೊಂಡೆ.

ಆ ಚೂರು ರಸ್ತೆಯಲ್ಲಿ ಎರಡು ಕಾಲುಗಳು ಓಡಿ ಬಂದವು. ಕಳಚಿದ ಪೈಪಿನ ಸದ್ದು ಅಷ್ಟು ದೂರಕ್ಕೆ ಬೇರೆ ಯಾರಿಗೂ ಕೇಳಿಸಿರಲಿಲ್ಲ. ಈರಣ್ಣನ ರಬ್ಬರ್ ಚಪ್ಪಲಿ ಗಾಡಿಯ ಪಕ್ಕಕ್ಕೆ ಬಂದು ನಿಂತವು. ನಿಂತೇ ಇದ್ದವು. ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಪ್ಯಾಂಟು ಒದ್ದೆಯಾಗುತ್ತಾ ಬಂತು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದ್ದೇನೆ. ಬರೆಯುತ್ತಿದ್ದೇನೆ, ಏಕೆಂದರೆ ಆಮೇಲೆ ಒಳಗೆ ಬಂದದ್ದೂ ಅವೇ ಕಾಲುಗಳು.

ಮೋಹನನ ದನಿ ಕೇಳಿಸಿತು. "ಜನ ಕರೀತೀನಿ ಈರಣ್ಣ, ಎಲ್ಲ ಸೇರಿ ಎತ್ತಿಬಿಡೋಣ."

"ಮುಟ್ಟಬ್ಯಾಡ. ಒಂದು ಕಡೆ ಎತ್ತಿದ್ರ ಇನ್ನೊಂದು ಕಡೆ ಅವ್ರ ಮ್ಯಾಲ ಕೂಡ್ತತಿ. ನೀ ಕಾಲಿನ ಕಡೆ ನಿಂದ್ರು. ನಾ ಅಂದಾಗ ಎಳಿ."

ಚಾಸಿಯ ಕೆಳಗೆ ಜಾಕ್ ತೂರುವಷ್ಟು ಜಾಗವಿರಲಿಲ್ಲ. ಜಾಗ ಇದ್ದದ್ದು ಆಕ್ಸಲಿನ ನಡುವೆ ಮಾತ್ರ. ಅದನ್ನು ಎತ್ತಿದರೆ ಗಾಡಿಯೂ ಏಳುತ್ತದೆ. ಆದರೆ ಅಲ್ಲಿಗೆ ತಲುಪಬೇಕಾದರೆ ಹಿಂದಿನ ಬಂಪರಿನ ಕೆಳಗಿನಿಂದ ಒಬ್ಬರು ಹೊಟ್ಟೆ ಎಳೆದುಕೊಂಡು ಒಳಗೆ ಬರಬೇಕು. ಮುಂದಿನ ಚೀಲಗಳು ಹಿಡಿದುಕೊಂಡಿದ್ದವು, ಅವೂ ಎಷ್ಟು ಹೊತ್ತು ಹಿಡಿಯುತ್ತವೋ ತಿಳಿಯದು. ದಿಮ್ಮಿ ಇಡುವಂತಿರಲಿಲ್ಲ, ಕಿವಿ ಇಟ್ಟು ಕೇಳಲು ಸಮಯವಿರಲಿಲ್ಲ.

ನನ್ನ ತಲೆಯ ಹಿಂದೆ ಮಣ್ಣು ಕೆರೆದ ಸದ್ದಾಯಿತು. ಈರಣ್ಣ ಅಳುತ್ತಾ ಬರುತ್ತಿದ್ದರು. ಹತ್ತಿರ ಬಂದಂತೆ ಮಾತು ಕೇಳಿಸಿತು.

"ಮಲ್ಲೂ, ಉಸುರು ಸಣ್ಣ ತಗೋ. ದೊಡ್ಡದು ತಗೋಬ್ಯಾಡ. ನಾ ಬಂದೇನಿ. ಮಲ್ಲೂ, ನಾ ಬಂದೇನಿ."

ಮಲ್ಲು ಯಾರೆಂದು ನನಗೆ ಗೊತ್ತಿರಲಿಲ್ಲ. ಹೇಳಿದಂತೆ ಸಣ್ಣ ಉಸಿರು ತೆಗೆದುಕೊಂಡೆ. ಜಾಕಿನ ಹಿಡಿಯನ್ನು ಪೂರ್ತಿ ಎತ್ತಲು ಅಲ್ಲಿ ಜಾಗವಿಲ್ಲ. ಎರಡು ಬೆರಳಗಲ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಪ್ರತಿ ಒತ್ತಿಗೂ "ನಾ ಬಂದೇನಿ" ಅನ್ನುತ್ತಿದ್ದರು. ಎಷ್ಟು ಸಲ ಅಂದರೋ. ಒಂದು ಹೊತ್ತಿನಲ್ಲಿ ಎದೆಯೊಳಕ್ಕೆ ಚಾಕುವಿನಂತೆ ಗಾಳಿ ನುಗ್ಗಿತು. "ಎಳಿ," ಎಂದು ಅವರು ಹೇಳಿದ್ದು, ಮೋಹನ ಕಾಲು ಹಿಡಿದು ಎಳೆದದ್ದು ಒಟ್ಟಿಗೇ ಆಯಿತು.

ನನ್ನನ್ನು ಎಳೆದಾಗಲೂ ಅವರು ಒಳಗೇ ಇದ್ದರು, ಒಂದು ಜಾಕಿನ ಆಧಾರದಲ್ಲಿ. ಬಿಸಿಲಿನಲ್ಲಿ ಮಲಗಿದ್ದ ನನಗೆ ಅವರು ಹಿಂದಕ್ಕೆ ತೆವಳುತ್ತಾ ಹೊರಬಂದದ್ದು ಕಾಣಿಸಿತು. ಅಲ್ಲೇ ಮಣ್ಣಿನಲ್ಲಿ ಮುಖ ಮುಚ್ಚಿಕೊಂಡು ಬಿದ್ದುಕೊಂಡರು. ಬಲಗೈಯಲ್ಲಿ ಇನ್ನೂ ರೊಟ್ಟಿಯ ಪಲ್ಯ ಒಣಗಿ ಅಂಟಿತ್ತು.

ಮೂರು ಪಕ್ಕೆಲುಬು, ಒಂದು ಹೆಗಲಿನ ಎಲುಬು ಮುರಿದಿದ್ದವು. ಹನ್ನೊಂದು ದಿನ ಆಸ್ಪತ್ರೆ, ಎರಡು ತಿಂಗಳು ಮನೆ. ಈರಣ್ಣ ನೋಡಲು ಬರಲಿಲ್ಲ. ರಘು ಸಿಟ್ಟಿನಲ್ಲಿ ಕುದಿಯುತ್ತಿದ್ದರು. "ಆ ಮನುಷ್ಯನ ಶೆಡ್ಡಿನ ಕಡೆ ತಲೆ ಹಾಕ್ಬೇಡ. ಅಷ್ಟು ಕೆಳಗೆ ಬರೋ ಹಾಗೆ ಗಾಡಿ ಮಾಡೋರು ಯಾರಾದ್ರೂ ಇದಾರಾ?" ಅಂದರು.

"ಅವರು ಒಂಬತ್ತು ಇಂಚು ಇಟ್ಟಿದ್ರು," ಎಂದೆ. "ಕತ್ತರಿಸಿ ಅಂತ ಹೇಳಿದ್ದು ನಾನು."

ರಘುವಿನ ಸಿಟ್ಟು ಅಲ್ಲಿಗೆ ಇಳಿಯಿತು. ಆದರೆ ನನ್ನ ಹೆದರಿಕೆ ಹಾಗೆ ಸುಮ್ಮನಾಗಲಿಲ್ಲ. ಕುಕ್ಕರಿನ ಆವಿ ಸುಯ್ಯೆಂದರೆ ಅಡುಗೆಮನೆಯಿಂದ ಹೊರಗೆ ಬಂದುಬಿಡುತ್ತಿದ್ದೆ. ರಜಾಯಿ ಹೊದ್ದು ಮಲಗಲು ಆಗುತ್ತಿರಲಿಲ್ಲ. ಮಂಚದ ಅಡಿಗೆ ಉರುಳಿದ ಚೆಂಡನ್ನು ತೆಗೆದುಕೊಡು ಎಂದು ಪಕ್ಕದ ಮನೆಯ ಮಗು ಕೇಳಿದಾಗ ಬಗ್ಗಿದವಳು ಬೆವೆತು ಹಾಗೇ ಕೂತುಬಿಟ್ಟೆ.

ಎರಡು ತಿಂಗಳಾದ ಮೇಲೆ ಆಟೋ ಹಿಡಿದು ಶೆಡ್ಡಿಗೆ ಹೋದೆ. ಗಾಡಿ ನಾಲ್ಕೂ ಕಡೆ ದಿಮ್ಮಿಗಳ ಮೇಲೆ ಕೂತಿತ್ತು. ಗೂಟಗಳು ಮತ್ತೆ ಉದ್ದವಾಗಿದ್ದವು, ಹೊಸ ವೆಲ್ಡಿಂಗ್ ಹೊಳೆಯುತ್ತಿತ್ತು. ಈರಣ್ಣ ನನ್ನನ್ನು ಕಂಡು ಎದ್ದು ನಿಂತರು. ಮುಖ ನೋಡಲಿಲ್ಲ.

"ತಪ್ಪು ನಂದು ಈರಣ್ಣ," ಎಂದೆ.

"ಗೂಟ ಕೊಯ್ದಾಂವ ನಾನ ಅಲ್ಲೇನ್ರಿ?"

ಸ್ಟೂಲು ಕೊಟ್ಟರು. ತಾವು ನೆಲದ ಮೇಲೆ ಕೂತರು. ಮಲ್ಲು ಯಾರು ಎಂದು ಕೇಳಿದೆ. ತಮ್ಮ ಬಾಯಿಂದ ಆ ಹೆಸರು ಬಂದದ್ದು ಅವರಿಗೆ ನೆನಪೇ ಇರಲಿಲ್ಲ. ಆಮೇಲೆ ಹೇಳಿದರು.

"ನನ್ನ ತಮ್ಮ್ರೀ. ಇಬ್ಬರೂ ಒಂದ ವರ್ಕ್‌ಶಾಪಿನ್ಯಾಗ ಇದ್ವಿ. ಗಾಳಿ ಬಸ್ಸು ಆಗ ಹೊಸದಾಗಿ ಬಂದಿದ್ವು. ಅಂವ ಕೆಳಗ ಹೋಗಿದ್ದ, ಗಾಳಿ ಹೋತು. ಅಂವ ನನ್ನ ಹೆಸರು ಕರದ. ನಾ ಹತ್ತು ಹೆಜ್ಜಿ ದೂರ ಇದ್ದೆ. ಬಸ್ಸು ಇನ್ನೂ ಇಳೀತಿತ್ತು. ಹೋಗಾಕ ಕಾಲು ಬರಲಿಲ್ರೀ. ಎಲ್ಲಾರೂ ಬಂದು ಎತ್ತೂದ್ರಾಗ ಅಂವ ಸತ್ತಿದ್ದ. ಅಲ್ಲೀತನಕ ನಾ ಹೊರಗ ನಿಂತಿದ್ದೆ."

ಪಂಕ್ಚರ್ ಅಂಗಡಿಯಲ್ಲಿ ಮೋಹನ ಯಾವುದೋ ಟೈರಿಗೆ ಗಾಳಿ ತುಂಬುತ್ತಿದ್ದ. ನಾವಿಬ್ಬರೂ ಒಟ್ಟಿಗೇ ಆ ಕಡೆ ತಿರುಗಿದೆವು.

ಗಾಡಿ ಮುಗಿಯಿತು. ಅದಕ್ಕೆ ಹಳೆಯ ಹಸಿರು ಬಣ್ಣವನ್ನೇ ಹೊಡೆಸಿದೆವು. ಒಂಬತ್ತು ಇಂಚಿಗಿಂತ ಕೆಳಗೆ ಅದು ಎಂದೂ ಇಳಿಯಲಿಲ್ಲ, ಕುಂಡ ಹತ್ತಿಸಲು ಅಷ್ಟು ಸಾಕಾಗಿತ್ತು. ಜಯನಗರ, ಜೆಪಿ ನಗರದ ಮನೆಗಳ ಮುಂದೆ ನಿಲ್ಲಿಸಿ ಸ್ವಿಚ್ ಒತ್ತಿದಾಗ ಜನ ಗೇಟಿಗೆ ಬಂದು ನೋಡುತ್ತಿದ್ದರು. ನಾನು ಮಾತ್ರ ಸ್ವಿಚ್ ಒತ್ತುವ ಮುಂಚೆ ಇಳಿದು, ಸುತ್ತ ಒಂದು ಸಲ ಬಗ್ಗಿ ನೋಡಿ, ಬೆಕ್ಕು ನಾಯಿ ಇದ್ದರೂ ಓಡಿಸಿ ಬರುತ್ತಿದ್ದೆ. ಕೆಳಗೆ ಹೋಗಬೇಕಾದ ಕೆಲಸ ಬಂದರೆ ಈರಣ್ಣನೇ. ಅವರು ಒಳಗಿರುವಷ್ಟು ಹೊತ್ತೂ ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಏನಾದರೂ ಮಾತಾಡುತ್ತಿರಬೇಕಿತ್ತು. ಅದು ನಮ್ಮಿಬ್ಬರ ನಡುವೆ ತಾನಾಗಿ ಆದ ಏರ್ಪಾಡು. ಮಾತು ನಿಲ್ಲಿಸಿದರೆ ಒಳಗಿಂದ "ಅಕ್ಕಾರ?" ಅನ್ನುತ್ತಿದ್ದರು.

ಐದಾರು ವರ್ಷ ಹೀಗೆ ಕಳೆಯಿತು. ಅವರ ಮಂಡಿಗಳು ಸೋತವು. ಶೆಡ್ಡಿನ ಜಾಗದಲ್ಲಿ ಮಾಲೀಕರು ಮನೆ ಕಟ್ಟಿಸಲು ಹೊರಟರು. ಒಂದು ಬೆಳಿಗ್ಗೆ ಈರಣ್ಣ ನರ್ಸರಿಗೆ ಬಂದು, ಊರಿಗೆ ಹೊರಟೆ, ಅಕ್ಕನ ಮಗನ ಮನೆಯಲ್ಲಿ ಇರುತ್ತೇನೆ ಎಂದರು. ಚಹಾ ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನೀರು ಹಾಕಿದ ಮಲ್ಲಿಗೆ ಸಸಿಗಳನ್ನು ನೋಡುತ್ತಾ ಕೂತರು.

"ಅಲ್ಲಿ ಹೋದ್ಮೇಲೆ ಗಾಡಿ ಕೆಲಸ ಇಲ್ಲ. ಇನ್ನು ಅಂಜಿಕೆ ಇರಲ್ಲ ಬಿಡಿ," ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಇರ್ತತಿ ಅಕ್ಕಾರ. ಒಂದು ಕನಸು ಇನ್ನೂ ಬರ್ತತಿ. ಮೊದಲೆಲ್ಲಾ ಕನಸಿನ್ಯಾಗ ಬಸ್ಸಿನ ಕೆಳಗ ಮಲ್ಲು ಇರ್ತಿದ್ದ. ಈಗ ಅಂವ ಇರೂದಿಲ್ಲ. ನಾ ಇರ್ತೇನಿ."

"ಹೊರಗೆ ಯಾರಿರ್ತಾರೆ?"

"ನೀವು ನಿಂತಿರ್ತೀರಿ."

"ನಾನೇನು ಮಾಡ್ತೀನಿ?"

"ಗೊತ್ತಿಲ್ರೀ," ಅಂದರು. "ಅಷ್ಟರಾಗ ಎಚ್ಚರ ಆಗ್ತತಿ."

ಅವರು ಲೋಟ ತೊಳೆದಿಟ್ಟು, ಮೇಲಿನ ಗುಂಡಿಯನ್ನೊಮ್ಮೆ ಮುಟ್ಟಿ ನೋಡಿಕೊಂಡು, ಬಸ್ ಸ್ಟಾಪಿನ ಕಡೆಗೆ ನಡೆದುಹೋದರು. ಮಾರನೇ ವರ್ಷ ಮಳೆಗಾಲದಲ್ಲಿ ಅವರ ಅಕ್ಕನ ಮಗ ಫೋನು ಮಾಡಿ, ಮಾವ ಜ್ವರದಲ್ಲಿ ಹೋದರು, ಡೈರಿಯಲ್ಲಿ ನಿಮ್ಮ ನಂಬರಿತ್ತು ಎಂದ.

ನಾನೂ ಒಳಗೆ ಬರುತ್ತೇನೆ ಈರಣ್ಣ ಎಂದು ಅವರು ಕನಸು ಹೇಳಿದ ದಿನವೇ ಹೇಳಬಹುದಿತ್ತು. ಹೇಳಿದ್ದರೆ ಅವರು ಸಮಾಧಾನದಿಂದ ಬಸ್ಸು ಹತ್ತುತ್ತಿದ್ದರೋ ಏನೋ. ಹೇಳಲಿಲ್ಲ. ಒಳಗೆ ಹೋಗಲು ನನಗೆ ಕಾಲು ಬರುತ್ತದೋ ಇಲ್ಲವೋ ಗೊತ್ತಿರಲಿಲ್ಲ, ಮತ್ತು ಅವರಿಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.